ಸಹಿಗೆ ಮೊದಲು ನಿಮ್ಮ ವಕೀಲರನ್ನು ಊರಿಗೆ ಕಳಿಸಿ

ಮಾನ್ಯ ಇಂಧನ ಸಚಿವರಿಗೆ ಮತ್ತು ಮಾನ್ಯ ಕಂದಾಯ ಸಚಿವರಿಗೆ,

ನಮಸ್ಕಾರ.

ನಾನು ಕೆಲವು ವರ್ಷ ಸರ್ಕಾರಿ ವಕೀಲೆಯಾಗಿದ್ದೆ. ಸೋಲಾರ್ ಪ್ಲಾಂಟು, ಗಾಳಿಯಂತ್ರ, ಅದರ ಟವರ್ ಲೈನು ಅಂತ ಜಮೀನಿನ ಕೇಸು ಹೈಕೋರ್ಟಿಗೆ ಬಂದರೆ ಫೈಲು ಹೆಚ್ಚಾಗಿ ನನ್ನ ಮೇಜಿಗೆ ಬರುತ್ತಿತ್ತು. ಸರ್ಕಾರ ಬದಲಾದರೆ ನಮ್ಮ ಕುರ್ಚಿಗಳೂ ಬದಲಾಗುತ್ತವೆ, ಆ ರೂಢಿ ನಿಮಗೆ ಗೊತ್ತೇ ಇದೆ. ನನ್ನದೂ ಹೋಯಿತು. ಅದರ ಬಗ್ಗೆ ದೂರೇನಿಲ್ಲ. ಈಗ ಸ್ವಂತ ಆಫೀಸಿದೆ, ಒಬ್ಬ ಜೂನಿಯರ್ ಇದ್ದಾಳೆ, ಭಾನುವಾರ ನಿದ್ದೆ ಮಾಡಲು ಸಿಗುತ್ತದೆ.

ನಾನು ನಡೆಸಿದ ಕೇಸುಗಳ ಊರು, ಕಂಪನಿ, ಕಚೇರಿ ಯಾವುದರ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಕಕ್ಷಿದಾರರ ಗುಟ್ಟನ್ನು ಕುರ್ಚಿ ಬಿಟ್ಟ ಮೇಲೂ ಕಾಯಬೇಕು. ತುಮಕೂರು ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕಿನ ಹೆಸರು ಮಾತ್ರ ಹೇಳುತ್ತೇನೆ. ಅದು ಎಲ್ಲರಿಗೂ ಗೊತ್ತಿರುವ ವಿಷಯ, ಮತ್ತೆ ಅಲ್ಲಿನ ಯಾವ ಕೇಸನ್ನೂ ನಾನು ನಡೆಸಿಲ್ಲ.

ನಾನು ಕೇಳುತ್ತಿರುವುದು ಒಂದೇ. ಸೋಲಾರಿಗೆ ರೈತರ ಜಮೀನು ಗುತ್ತಿಗೆ ಪಡೆಯುವಾಗ, ಜಗಳ ಕೋರ್ಟಿಗೆ ಬಂದ ಮೇಲೆ ವಕೀಲರನ್ನು ಕರೆಯಬೇಡಿ. ಸಹಿ ಹಾಕಿಸುವ ಮೊದಲೇ ಊರಿಗೆ ಕಳಿಸಿ. ಕರಾರು ಪತ್ರವನ್ನು ಅಲ್ಲಿ ಜನರ ಮುಂದೆ, ಅವರಿಗೆ ತಿಳಿಯುವ ಮಾತಿನಲ್ಲಿ ಓದಿಸಿ.

ಯಾಕೆ ಹೀಗೆ ಕೇಳುತ್ತಿದ್ದೇನೆ ಅಂತ ಹೇಳಲು ಒಂದು ಕೇಸು ಸಾಕು. ಬಯಲುಸೀಮೆಯ ಒಂದು ಮನೆಯವರು ಮೂರೂವರೆ ಎಕರೆಯನ್ನು ಒಂದು ಸೋಲಾರ್ ಯೋಜನೆಗೆ ಗುತ್ತಿಗೆ ಕೊಟ್ಟಿದ್ದರು. ಪಹಣಿ ಇದ್ದದ್ದು ಅಣ್ಣನ ಹೆಸರಲ್ಲಿ. ಬಾಡಿಗೆ ಅಣ್ಣನ ಖಾತೆಗೆ ಬರುತ್ತಿತ್ತು, ಅಣ್ಣ ತಮ್ಮ ಮನೆಯೊಳಗೆ ಹಂಚಿಕೊಳ್ಳುತ್ತಿದ್ದರು. ಅಣ್ಣ ತೀರಿಕೊಂಡರು. ಮುಂದಿನ ವರ್ಷ ಬಾಡಿಗೆ ಬರಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ತಮ್ಮ ಕೇಳಲು ಹೋದರು. ಒಂದು ಕಚೇರಿಯವರು ಇನ್ನೊಂದು ಕಚೇರಿಗೆ ಕಳಿಸಿದರು. ಅಲ್ಲಿಯವರು ಪೌತಿ ಖಾತೆ ಮಾಡಿಸಿಕೊಂಡು ಬನ್ನಿ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಾಯಿಸಿಕೊಂಡು ಬನ್ನಿ, ಎಂದರು. ಪೌತಿ ಖಾತೆಗೆ ವಂಶವೃಕ್ಷ ಬೇಕು. ಮದುವೆಯಾಗಿ ಆಂಧ್ರಕ್ಕೆ ಹೋದ ಅಕ್ಕ ಬಂದು ಒಪ್ಪಿಗೆ ಕೊಡಬೇಕು. ಆ ಅಕ್ಕನಿಗೂ ತಮ್ಮನಿಗೂ ಹತ್ತು ವರ್ಷದಿಂದ ಮಾತಿಲ್ಲ. ಕೊನೆಗೆ ತಮ್ಮ ಹೈಕೋರ್ಟಿನಲ್ಲಿ ಸರ್ಕಾರದ ವಿರುದ್ಧ ರಿಟ್ ಅರ್ಜಿ ಹಾಕಿದರು.

ನಾನು ಸರ್ಕಾರದ ಪರ ಇದ್ದೆ. ಕರಾರು ಪತ್ರ ತೆಗೆದು ನೋಡಿದೆ. ಇಂಗ್ಲಿಷಿನಲ್ಲಿತ್ತು. ಪ್ರತಿ ಪುಟದ ಕೆಳಗೂ ನೀಲಿ ಹೆಬ್ಬೆಟ್ಟು. 14ನೇ ಪುಟದಲ್ಲಿ ಒಂದು ಷರತ್ತಿತ್ತು. ಮಾಲೀಕರು ತೀರಿಕೊಂಡರೆ, ವಾರಸುದಾರರು ಖಾತೆ ಬದಲಾಯಿಸಿ ದಾಖಲೆ ಕೊಡುವ ತನಕ ಬಾಡಿಗೆ ತಡೆಹಿಡಿಯಬಹುದು, ಅದಕ್ಕೆ ಬಡ್ಡಿ ಕೇಳುವಂತಿಲ್ಲ. ನನ್ನ ಕೇಸಿಗೆ ಅಷ್ಟು ಸಾಕಿತ್ತು. 'ಅರ್ಜಿದಾರರ ಕುಟುಂಬದವರು ಎಲ್ಲ ಷರತ್ತುಗಳನ್ನೂ ಅರ್ಥ ಮಾಡಿಕೊಂಡು, ಸ್ವಂತ ಇಚ್ಛೆಯಿಂದ ಸಹಿ ಮಾಡಿದ್ದಾರೆ' ಎಂದು ಆಕ್ಷೇಪಣೆ ಬರೆದೆ. ಇದು ಕರಾರಿನ ತಕರಾರು, ರಿಟ್‌ನಲ್ಲಿ ಬರುವುದಿಲ್ಲ, ಸಿವಿಲ್ ಕೋರ್ಟಿಗೆ ಹೋಗಲಿ ಎಂದು ವಾದಿಸಿದೆ. ಹತ್ತು ನಿಮಿಷದಲ್ಲಿ ಅರ್ಜಿ ವಜಾ ಆಯಿತು.

ಹೊರಗೆ ವರಾಂಡದಲ್ಲಿ ಆ ಯಜಮಾನರು ನಿಂತಿದ್ದರು. ಒಳಗೆ ಇಂಗ್ಲಿಷಿನಲ್ಲಿ ಏನು ನಡೆಯಿತು ಅಂತ ಅವರಿಗೆ ಗೊತ್ತಾಗಿರಲಿಲ್ಲ. ನಾನು ಯಾರ ಪರ ಅನ್ನುವುದೂ ಗೊತ್ತಿತ್ತೋ ಇಲ್ಲವೋ.

'ಲಾಯರಮ್ಮೋರೆ, ಅದ್ರಲ್ಲಿ ಹಂಗೆ ಬರ್ದಿತ್ತಾ?'

ಎದುರು ಪಕ್ಷದವರ ಜೊತೆ ಕೇಸಿನ ಮಾತಾಡಬಾರದು. ಆದರೂ ಹೇಳಿದೆ, ಹೌದು ಯಜಮಾನ್ರೇ, ಬರೆದಿತ್ತು.

'ಮೊದ್ಲೇ ಯಾರಾದ್ರೂ ಓದಿ ಹೇಳಿದ್ರೆ, ನಮ್ಮಣ್ಣ ಇರೋವಾಗ್ಲೇ ಖಾತೆ ಎರಡು ಮಾಡಿಸ್ಕೋತಿದ್ವಲ್ಲ.'

ಕೋಪದಿಂದ ಹೇಳಲಿಲ್ಲ. ಬಸ್ಸು ತಪ್ಪಿಹೋಯಿತಲ್ಲ ಅನ್ನುವ ಹಾಗೆ ಹೇಳಿದರು. ನನಗೆ ಆ ದಿನ ಊಟ ಸೇರಲಿಲ್ಲ. ಅವರು ಹೇಳಿದ್ದು ಕಾನೂನಿನ ಪ್ರಕಾರವೂ ಸರಿಯಾಗಿತ್ತು. ಪೋಡಿ ಮಾಡಿಸಿ, ಅಂದರೆ ಜಮೀನು ಅಳೆಸಿ ಭಾಗ ಮಾಡಿಸಿ, ಪಹಣಿ ಬೇರೆ ಬೇರೆ ಮಾಡಿಕೊಂಡಿದ್ದರೆ ಅಣ್ಣನ ಸಾವಿಗೂ ತಮ್ಮನ ಬಾಡಿಗೆಗೂ ಸಂಬಂಧವೇ ಇರುತ್ತಿರಲಿಲ್ಲ. ಒಂದು ಷರತ್ತನ್ನು ಓದಿ ಹೇಳಲು ಎರಡು ನಿಮಿಷ ಬೇಕಿತ್ತು.

ಆ ಪತ್ರವನ್ನು ಎಷ್ಟು ಜನ ವಕೀಲರು ಓದಿರುತ್ತಾರೆ ಲೆಕ್ಕ ಹಾಕಿ. ಪ್ಲಾಂಟು ಹಾಕುವ ಕಂಪನಿಯ ವಕೀಲರು ಓದಿರುತ್ತಾರೆ. ಕಂಪನಿಗೆ ಸಾಲ ಕೊಡುವ ಬ್ಯಾಂಕಿನ ವಕೀಲರು ಓದಿರುತ್ತಾರೆ, ಅವರಂತೂ ಹಳೆಯ ಕ್ರಯಪತ್ರ, ಮ್ಯುಟೇಷನ್ ಎಲ್ಲ ಜಾಲಾಡಿ ವರದಿ ಬರೆಯುತ್ತಾರೆ. ಕೊನೆಗೆ ಜಗಳವಾದಾಗ ನಾನು ಓದಿದೆ. ಓದದೇ ಇದ್ದವರು ಜಮೀನು ಕೊಟ್ಟವರು ಮಾತ್ರ.

ಇನ್ನು ಪಾವಗಡ. ನಾನು ಸೋಲಾರಿನ ವಿರೋಧಿಯಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಅತ್ತೆಯ ತವರಿನ ಕಡೆ ಮಳೆ ಕೈಕೊಟ್ಟ ವರ್ಷಗಳಲ್ಲಿ ಕಡಲೆಕಾಯಿ ಬಿತ್ತಿ ಬೀಜದ ದುಡ್ಡೂ ಹುಟ್ಟದೆ ಕೂತವರನ್ನು ನೋಡಿದ್ದೇನೆ. ಪಾವಗಡವೂ ಅಂಥದ್ದೇ ಬರದ ತಾಲ್ಲೂಕು. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಕ್ಯಾತಗಾನಚೆರ್ಲು, ರಾಯಚೆರ್ಲು ಸುತ್ತಿನ ಐದು ಊರುಗಳಲ್ಲಿ ಸುಮಾರು 13,000 ಎಕರೆ, 2,050 ಮೆಗಾವಾಟ್. ಅಲ್ಲಿ ಸರ್ಕಾರ ಮಾಡಿದ ಒಂದು ಕೆಲಸ ಮೆಚ್ಚುವಂಥದ್ದು. ಜಮೀನನ್ನು ಕಿತ್ತುಕೊಳ್ಳಲಿಲ್ಲ, 28 ವರ್ಷಕ್ಕೆ ಗುತ್ತಿಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಮಳೆ ಬರಲಿ ಬಿಡಲಿ ದುಡ್ಡು ಬರುತ್ತದೆ. ಜಮೀನು ರೈತರ ಹೆಸರಲ್ಲೇ ಉಳಿಯುತ್ತದೆ. ಸಮ್ಮೇಳನಗಳಲ್ಲಿ ಇದನ್ನು 'ಪಾವಗಡ ಮಾದರಿ' ಅಂತ ಹೊಗಳುವಾಗ ನನಗೂ ಹೆಮ್ಮೆಯಾಗುತ್ತಿತ್ತು.

ಆದರೆ ಆ ಶೇ 5 ಅನ್ನು ಒಮ್ಮೆ ಕೂಡಿ ನೋಡಿ. 28 ವರ್ಷದಲ್ಲಿ ಹದಿಮೂರು ಸಲ ಏರುತ್ತದೆ. ಕೊನೆಯ ವರ್ಷದ ಬಾಡಿಗೆ ಎಕರೆಗೆ ಸುಮಾರು 39,600 ರೂಪಾಯಿ. ಅಂದರೆ ಇಡೀ 28 ವರ್ಷಕ್ಕೆ ದುಪ್ಪಟ್ಟೂ ಆಗುವುದಿಲ್ಲ. ಈ 28 ವರ್ಷದಲ್ಲಿ ಅಕ್ಕಿ, ಎಣ್ಣೆ, ಆಸ್ಪತ್ರೆ ಖರ್ಚು ಎಷ್ಟಾಗಬಹುದು ಅಂತ ನಾನು ಹೇಳಬೇಕಾಗಿಲ್ಲ. ಈ ದರ ತಪ್ಪು ಅನ್ನುತ್ತಿಲ್ಲ. ಒಣ ಜಮೀನಿಗೆ ಆ ದಿನ ಅದು ಒಳ್ಳೆಯ ದರವೇ ಆಗಿತ್ತು. ಆದರೆ ಮುಂದೆ ಎಲ್ಲೇ ಗುತ್ತಿಗೆ ಮಾಡಿದರೂ 'ಶೇ 5' ಅಂತ ಬಾಯಲ್ಲಿ ಹೇಳಿ ಬಿಡಬೇಡಿ. ಕೊನೆಯ ವರ್ಷದ ಅಂಕಿಯನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿ. ಅದನ್ನು ನೋಡಿಯೂ ಒಪ್ಪಿದರೆ ಅದು ಒಪ್ಪಿಗೆ.

ಕಾನೂನಿನ ಒಂದು ತೂತಿನ ಬಗ್ಗೆ ನಿಮ್ಮ ಇಲಾಖೆಗಳಲ್ಲಿ ಯಾರೂ ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಲ್ಲಿದ್ದಲಿನ ದೊಡ್ಡ ಘಟಕ ಕಟ್ಟುವುದಾದರೆ 2006ರ ಪರಿಸರ ಅಧಿಸೂಚನೆ ಪ್ರಕಾರ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು. ಜಿಲ್ಲಾಧಿಕಾರಿಗಳ ಕಡೆಯವರು ಬರುತ್ತಾರೆ, ಊರಿನವರು ಎದ್ದು ನಿಂತು ಬಯ್ಯಬಹುದು, ಬಯ್ದದ್ದು ದಾಖಲೆಯಾಗುತ್ತದೆ. ಸೋಲಾರ್ ಫಲಕಗಳಿಗೆ ಆ ಅನುಮತಿಯೇ ಬೇಡ, ಹಾಗಾಗಿ ಸಭೆಯೂ ಇಲ್ಲ. ಹೊಗೆ ಬರುವುದಿಲ್ಲವಲ್ಲ, ಸರಿ. ಭೂಸ್ವಾಧೀನ ಮಾಡುವುದಾದರೆ 2013ರ ಕಾಯ್ದೆ ಬರುತ್ತದೆ. ಊರಿನ ಮೇಲೆ ಏನು ಪರಿಣಾಮ ಆಗುತ್ತದೆ ಅಂತ ಅಧ್ಯಯನ ಮಾಡಬೇಕಾಗುತ್ತದೆ. ಆ ಕಾಯ್ದೆಯಲ್ಲಿ 'ಬಾಧಿತ ಕುಟುಂಬ' ಅಂದರೆ ಜಮೀನಿನ ಮಾಲೀಕರಷ್ಟೇ ಅಲ್ಲ. ಮೂರು ವರ್ಷದಿಂದ ಆ ಜಮೀನುಗಳಲ್ಲಿ ದುಡಿದು ಬದುಕುತ್ತಿದ್ದ ಕೂಲಿಯವರು, ಗೇಣಿದಾರರು ಕೂಡ ಸೇರುತ್ತಾರೆ. ಆದರೆ ಅದೇ ಕಾಯ್ದೆಯ 104ನೇ ಕಲಂ, ಸ್ವಾಧೀನದ ಬದಲು ಸರ್ಕಾರ ಜಮೀನನ್ನು ಗುತ್ತಿಗೆಗೂ ಪಡೆಯಬಹುದು ಅನ್ನುತ್ತದೆ. ಒಂದೇ ವಾಕ್ಯದ ಕಲಂ. ಗುತ್ತಿಗೆ ಪಡೆದರೆ ಕೂಲಿಯವರಿಗೆ ಏನು ಮಾಡಬೇಕು ಅಂತ ಅದರಲ್ಲಿ ಒಂದಕ್ಷರವೂ ಇಲ್ಲ.

ಹೀಗೆ ಗುತ್ತಿಗೆ ಮಾದರಿ ರೈತರ ಜಮೀನು ಉಳಿಸಿತು. ಆದರೆ ಸ್ವಾಧೀನವಾಗಿದ್ದರೆ ಕನಿಷ್ಠ ಕಾಗದದಲ್ಲಾದರೂ ಇರುತ್ತಿದ್ದ ಕೂಲಿಯವರ ಹೆಸರು ಪೂರ್ತಿ ಬಿದ್ದುಹೋಯಿತು. ಕಳೆ ಕೀಳುವುದು, ಕಡಲೆಕಾಯಿ ಬಿಡಿಸುವುದು, ಬೇರೆಯವರ ಹೊಲದ ಬದುವಿನಲ್ಲಿ ಕುರಿ ಮೇಯಿಸುವುದು, ಇದೆಲ್ಲ ಬೇಲಿಯ ಆಚೆ ಹೋಯಿತು. ಬಂದ ಕೆಲಸ ಅಂದರೆ ಫಲಕ ತೊಳೆಯುವುದು, ಹುಲ್ಲು ಕತ್ತರಿಸುವುದು, ಕಾವಲು ಕಾಯುವುದು. ಸಾವಿರಾರು ಎಕರೆಗೆ ಹೋಲಿಸಿದರೆ ಅದು ಎಷ್ಟು ಜನಕ್ಕೆ ಆದೀತು?

ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ಕೇಸು ನಿಮಗೆ ನೆನಪಿರಬಹುದು. ರಾಜಸ್ಥಾನ, ಗುಜರಾತಿನ ಸೋಲಾರ್ ಲೈನುಗಳಿಗೆ ಆ ಹಕ್ಕಿ ಬಡಿದು ಸಾಯುತ್ತದೆ ಅಂತ 2021ರಲ್ಲಿ ಸುಪ್ರೀಂ ಕೋರ್ಟು ತಂತಿಗಳನ್ನು ನೆಲದಡಿ ಹಾಕಿ ಎಂದಿತ್ತು. ಆಗುವುದಿಲ್ಲ ಅಂತ ಕೇಂದ್ರ ಸರ್ಕಾರ ಮತ್ತೆ ಹೋಯಿತು. 2024ರ ಮಾರ್ಚ್ 21ರಂದು ಕೋರ್ಟು ಆ ಆದೇಶ ಸಡಿಲಿಸಿ, ತಜ್ಞರ ಸಮಿತಿ ನೋಡಲಿ ಎಂದಿತು. ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ರಕ್ಷಣೆ ಪಡೆಯುವುದೂ ಜನರ ಹಕ್ಕು ಎಂದು ಅದೇ ತೀರ್ಪಿನಲ್ಲಿ ಹೇಳಿತು. ಆ ಕೇಸನ್ನು ಆಸಕ್ತಿಯಿಂದ ಓದಿದೆ. ಒಳ್ಳೆಯ ಕೇಸು, ಎರಡೂ ಕಡೆ ಒಳ್ಳೆಯ ವಾದ. ಓದುತ್ತಾ ನನಗೆ ಅನ್ನಿಸಿದ್ದು ಬೇರೆ. ಹಕ್ಕಿಗೆ ಕೋರ್ಟಿನ ಬಾಗಿಲು ಸಿಕ್ಕಿತು. ಕಳೆ ಕೀಳುತ್ತಿದ್ದ ಹೆಂಗಸು ನಾಳೆ ನನ್ನ ಆಫೀಸಿಗೆ ಬಂದು ಕೂತರೆ ಯಾವ ಕಾಯ್ದೆಯ ಯಾವ ಕಲಂ ಕೆಳಗೆ ಅರ್ಜಿ ಬರೆಯಲಿ? ಇಷ್ಟು ವರ್ಷ ಇದೇ ಕೆಲಸ ಮಾಡಿದ ನನಗೇ ತೋಚುವುದಿಲ್ಲ.

ಜಮೀನು ಇದ್ದವರಲ್ಲೂ ಎಲ್ಲರ ಕಥೆ ಒಂದಲ್ಲ. ಬಗರ್ ಹುಕುಂ ಜಮೀನು, ಅಂದರೆ ಇನ್ನೂ ಮಂಜೂರಾಗದ ಸರ್ಕಾರಿ ಜಮೀನು ಉಳುತ್ತಿದ್ದು, ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿರುವವರಿಗೆ ಬಾಡಿಗೆ ಬರುವುದಿಲ್ಲ, ಯಾಕೆಂದರೆ ಪಹಣಿಯಲ್ಲಿ 'ಸರ್ಕಾರ' ಅಂತಿದೆ. ಈಗ ಸಬ್‌ಸ್ಟೇಷನ್ ಪಕ್ಕದ ಗೋಮಾಳ ಹುಡುಕಿ ಪಂಪ್‌ಸೆಟ್‌ಗಳಿಗೆ ಸೋಲಾರ್ ಹಾಕುವ ಕೆಲಸ ಜೋರಾಗಿ ನಡೆಯುತ್ತಿದೆ. ಕಾಗದದಲ್ಲಿ ಖಾಲಿ ಇರುವ ಗೋಮಾಳ ನೆಲದಲ್ಲಿ ಖಾಲಿ ಇರುವುದಿಲ್ಲ ಅನ್ನುವುದು ಯಾವ ಗ್ರಾಮ ಆಡಳಿತಾಧಿಕಾರಿಯನ್ನು ಕೇಳಿದರೂ ಗೊತ್ತಾಗುತ್ತದೆ.

ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನದು ಇನ್ನೊಂದು ತೊಡಕು. ಅಂಥ ಜಮೀನು ಕೈಬದಲಾಗದಂತೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅಂದರೆ ಜನ ಮಾರಾಟಕ್ಕೆ ಮಾತ್ರ ಅಂದುಕೊಂಡಿದ್ದಾರೆ. ಅಧಿಕಾರಿಗಳಲ್ಲೂ ಕೆಲವರು ಹಾಗೇ ಅಂದುಕೊಂಡಿದ್ದನ್ನು ನೋಡಿದ್ದೇನೆ. ಆ ಕಾಯ್ದೆಯ ಪ್ರಕಾರ ಗುತ್ತಿಗೆಯೂ ಪರಭಾರೆಯೇ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾಡಿದರೆ ಅದು ನಿಲ್ಲುವುದಿಲ್ಲ. ಇಂಥ ಅರ್ಜಿಗೆ ಕಾಲಮಿತಿ ಇಲ್ಲ ಅಂತಲೂ 2023ರ ತಿದ್ದುಪಡಿ ಹೇಳುತ್ತದೆ. ಫಲಕ ನೆಟ್ಟು ಹತ್ತು ವರ್ಷವಾದ ಮೇಲೆ ಇಂಥ ಒಂದು ಅರ್ಜಿ ಬಂದರೆ ರೈತರಿಗೂ ಕಷ್ಟ, ಕಂಪನಿಗೂ ಕಷ್ಟ, ನಿಮಗೂ ಕಷ್ಟ. ಇದನ್ನು ಸಹಿಗೆ ಮೊದಲು ಒಬ್ಬ ವಕೀಲರು ಒಂದು ಮಧ್ಯಾಹ್ನ ಕೂತು ಮಂಜೂರಾತಿ ರಿಜಿಸ್ಟರ್ ನೋಡಿದರೆ ಹಿಡಿಯಬಹುದು.

ಇನ್ನೊಂದು ಷರತ್ತಿನ ಬಗ್ಗೆ ಬರೆಯದೆ ಇರಲಾರೆ. ನಾನು ನೋಡಿದ ಕರಾರುಗಳಲ್ಲಿ, ಅವಧಿ ಮುಗಿದ ಮೇಲೆ ಜಮೀನನ್ನು 'ಮೊದಲಿದ್ದ ಸ್ಥಿತಿಯಲ್ಲಿ' ವಾಪಸ್ ಕೊಡಬೇಕು ಅಂತ ಇರುತ್ತಿತ್ತು. ಕೇಳಲು ಚೆನ್ನಾಗಿದೆ. ಮೊದಲಿದ್ದ ಸ್ಥಿತಿ ಯಾವುದು? ಬದು ಎಲ್ಲಿತ್ತು, ಹೊಂಗೆ ಮರ ಎಷ್ಟಿತ್ತು, ನೀರು ಹರಿಯುವ ಕಾಲುವೆ ಯಾವ ಕಡೆಗಿತ್ತು, ಒಂದನ್ನೂ ಯಾರೂ ಬರೆದಿಟ್ಟಿರುವುದಿಲ್ಲ. ಜೆಸಿಬಿ ಬಂದು ಬದು ಸಮ ಮಾಡುತ್ತದೆ, ಗಡಿ ಕಲ್ಲು ಮಣ್ಣಿನಡಿ ಹೋಗುತ್ತದೆ. ಹತ್ತಾರು ಜನರ ಹೊಲ ಸೇರಿ ಒಂದೇ ಮೈದಾನ. 28 ವರ್ಷದ ನಂತರ ಕಾಂಕ್ರೀಟು ಕಿತ್ತು ಹಾಕಿದರೂ ಯಾರ ಹೊಲ ಎಲ್ಲಿಂದ ಎಲ್ಲಿಗೆ ಅಂತ ತೋರಿಸುವವರು ಆಗ ಬದುಕಿರುತ್ತಾರಾ? ಆ ದಿನ ಬರುವ ವ್ಯಾಜ್ಯಗಳನ್ನು ನೆನೆದರೆ ವಕೀಲೆಯಾಗಿ ಖುಷಿಪಡಬೇಕು, ನಮ್ಮ ಜೂನಿಯರ್‌ಗಳಿಗೆ ಕೈತುಂಬ ಕೆಲಸ. ದಯವಿಟ್ಟು ಅಷ್ಟು ಕೆಲಸ ಕೊಡಬೇಡಿ. ಫಲಕ ನೆಡುವ ಮೊದಲು ಸರ್ಕಾರದ ಖರ್ಚಿನಲ್ಲೇ ಪೋಡಿ ಮಾಡಿಸಿ. ಪ್ರತಿ ಮನೆಗೂ ಹಿಸ್ಸಾ ನಕ್ಷೆ, ನಾಲ್ಕು ಮೂಲೆಯ ಅಳತೆ, ಹೊಲದ ನಾಲ್ಕು ಫೋಟೋ ಕೊಟ್ಟು, ಅವನ್ನು ಕರಾರಿನ ಜೊತೆಗೇ ನೋಂದಣಿ ಮಾಡಿಸಿ. ಹೇಗೂ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕಲ್ಲ.

ಟವರ್ ಲೈನಿನದು ಬೇರೆಯದೇ ಪತ್ರಕ್ಕಾಗುವಷ್ಟು ವಿಷಯ. ಒಂದು ಮಾತು ಮಾತ್ರ. ರಾಗಿ ಹೊಲದ ಮಧ್ಯೆ ಟವರ್ ನಿಲ್ಲಿಸುವ ಅಧಿಕಾರ ಬಂದಿರುವುದು 1885ರ ತಂತಿ (ಟೆಲಿಗ್ರಾಫ್) ಕಾಯ್ದೆಯಿಂದ. ದೇಶದಲ್ಲಿ ಟೆಲಿಗ್ರಾಂ 2013ರಲ್ಲೇ ನಿಂತಿತು. 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಬಂತು. ಆದರೂ ವಿದ್ಯುತ್ ಲೈನಿಗೋಸ್ಕರ ಹಳೆಯ ಕಾಯ್ದೆಯ ಒಂದು ಭಾಗವನ್ನು ಉಳಿಸಿಕೊಂಡಿದ್ದಾರೆ. ಪರಿಹಾರ ಸಾಲದಿದ್ದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗಬಹುದು ಅಂತ ಅದರಲ್ಲೇ ಇದೆ. ಇದು ಎಷ್ಟು ರೈತರಿಗೆ ಗೊತ್ತು?

ನಮ್ಮ ಕೆಲಸ ಹೊರಗಿನಿಂದ ದೊಡ್ಡದಾಗಿ ಕಾಣುತ್ತದೆ. ಕೆಂಪು ಕಟ್ಟಡ, ಕಪ್ಪು ಕೋಟು, 'ರಾಜ್ಯದ ಪರವಾಗಿ' ಅನ್ನುವ ಮಾತು. ಒಳಗೆ ನಡೆಯುವುದು ಹೀಗೆ: ನಾಳೆ ಬೆಳಗ್ಗೆ ಕೇಸು, ಇಂದು ಸಂಜೆ ಐದೂವರೆಗೆ ಫೈಲು. ಕಂಡಿಕೆವಾರು ಟಿಪ್ಪಣಿ, ಅಂದರೆ ಅರ್ಜಿಯ ಒಂದೊಂದು ಪ್ಯಾರಾಕ್ಕೂ ಉತ್ತರ ಕೇಳಿದರೆ 'ಅರ್ಜಿದಾರರ ಆರೋಪ ಸುಳ್ಳು' ಅಂತ ಎಲ್ಲ ಕಂಡಿಕೆಗೂ ಒಂದೇ ಉತ್ತರ. ಒಮ್ಮೆ ಒಂದು ಕಚೇರಿಯಿಂದ ಬೇರೆ ತಾಲ್ಲೂಕಿನ ಸರ್ವೆ ನಂಬರಿನ ನಕ್ಷೆ ಬಂದಿತ್ತು. ನಾನು ಅದನ್ನೇ ಹಿಡಿದು ವಾದಿಸಲು ಎದ್ದು ನಿಂತಿದ್ದೆ. ಎದುರಿನ ವಕೀಲರು ಪಾಪ ನಗದೆ, ಮೆತ್ತಗೆ 'ಮೇಡಂ, ಹೋಬಳಿ ನೋಡಿ' ಎಂದರು. ಬೇರೆ ಕಡೆ ನಡೆಯುವ ಜಗಳ ನೋಡಿ. ಯೂನಿಟ್ ದರ, ಪ್ಲಾಂಟು ತಡವಾಗಿದ್ದಕ್ಕೆ ದಂಡ ಅಂತ ಬಂದರೆ ಮೊದಲು ಕೆಇಆರ್‌ಸಿ (ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ), ಆಮೇಲೆ ದೆಹಲಿಯ ಮೇಲ್ಮನವಿ ನ್ಯಾಯಮಂಡಳಿ, ಆಮೇಲೆ ಸುಪ್ರೀಂ ಕೋರ್ಟು. ಎರಡೂ ಕಡೆ ಹಿರಿಯ ವಕೀಲರು, ದಿನಗಟ್ಟಲೆ ವಾದ. ಮೂರೂವರೆ ಎಕರೆಯ ಯಜಮಾನರಿಗೆ ಸಿಕ್ಕಿದ್ದು ಹತ್ತು ನಿಮಿಷ.

ನೀವು ಒಂದು ಆಕ್ಷೇಪ ಎತ್ತಬಹುದು, ನಾನೇ ಎತ್ತುತ್ತೇನೆ. ಸರ್ಕಾರಿ ವಕೀಲರು ಸರ್ಕಾರದ ಕಡೆಯವರು, ರೈತರಿಗೆ ಸಲಹೆ ಕೊಡುವುದು ಹೇಗೆ? ನಿಜ, ಕೊಡಬಾರದು. ಅವರ ಕೆಲಸ ಪತ್ರದಲ್ಲಿ ಏನಿದೆ ಅಂತ ನೇರವಾಗಿ ಓದಿ ಹೇಳುವುದು, ಕೇಳಿದ ಪ್ರಶ್ನೆಯನ್ನು ಬರೆದುಕೊಳ್ಳುವುದು, ತಿದ್ದಬೇಕಾದ್ದನ್ನು ನಿಮಗೆ ತಿಳಿಸುವುದು. ಸಲಹೆ ಕೊಡಲು ತಾಲ್ಲೂಕು ಕಾನೂನು ಸೇವಾ ಸಮಿತಿಯ ವಕೀಲರನ್ನು ಅದೇ ಸಭೆಗೆ ಕರೆಸಿ. 1987ರ ಕಾಯ್ದೆ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಆದಾಯ ಕಡಿಮೆ ಇರುವವರಿಗೆ ಆ ಸೇವೆ ಉಚಿತ. ಹೊಸ ಇಲಾಖೆ ಬೇಡ, ಹೊಸ ಕಾಯ್ದೆಯೂ ಬೇಡ. ಇಬ್ಬರು ವಕೀಲರು, ಒಂದು ಜೀಪು, ಎರಡು ಸಂಜೆ.

ಕನ್ನಡದ ಪ್ರತಿಯೇ ಮೂಲ ಕರಾರು ಆಗಲಿ. ಇಂಗ್ಲಿಷ್ ಪ್ರತಿ ಬ್ಯಾಂಕಿಗೆ ಬೇಕಾದರೆ ಅನುವಾದ ಅಂತ ಇರಲಿ. ಎರಡರಲ್ಲಿ ವ್ಯತ್ಯಾಸ ಬಂದರೆ ಕನ್ನಡದ್ದೇ ನಡೆಯುತ್ತದೆ ಅಂತ ಒಂದು ಸಾಲು ಸೇರಿಸಿ. ಹೈಕೋರ್ಟಿಗೆ ಬಂದಾಗ ನಾವು ಇಂಗ್ಲಿಷಿಗೆ ಮಾಡಿಕೊಳ್ಳುತ್ತೇವೆ, ಅದು ನಮ್ಮ ಪಾಡು. ಗಡಿ ಊರುಗಳಲ್ಲಿ ತೆಲುಗಿನಲ್ಲೂ ಬಾಯಲ್ಲಿ ಹೇಳಿಸಿ, ಪಾವಗಡದ ಕಡೆ ಅರ್ಧ ಮಾತು ತೆಲುಗೇ. ಕೂಲಿಯವರು, ಕುರಿಯವರು, ಬಗರ್ ಹುಕುಂ ಉಳುತ್ತಿರುವವರ ಪಟ್ಟಿಯನ್ನು ಆ ಸಭೆಯಲ್ಲೇ ಬರೆದುಕೊಳ್ಳಿ. ಕಾಯ್ದೆ ಕೇಳುವುದಿಲ್ಲ, ಆದರೆ ಬೇಡ ಅಂತಲೂ ಎಲ್ಲೂ ಹೇಳಿಲ್ಲ. ಪಟ್ಟಿ ಇದ್ದರೆ ನಾಳೆ ಫಲಕ ತೊಳೆಯುವ ಕೆಲಸವನ್ನಾದರೂ ಮೊದಲು ಅವರಿಗೆ ಕೊಡಿ ಅಂತ ಕಂಪನಿಗೆ ಹೇಳಲು ನಿಮಗೆ ಒಂದು ಕಾಗದ ಇರುತ್ತದೆ.

ಸಭೆಯನ್ನು ಬೆಳಗ್ಗೆ ಹನ್ನೊಂದಕ್ಕೆ ಇಡಬೇಡಿ. ಆಗ ಕೂಲಿಯವರು ಹೊಲದಲ್ಲಿರುತ್ತಾರೆ, ಬರುವುದು ಜಮೀನಿದ್ದವರು ಮತ್ತು ಅಂಗಡಿ ಕಟ್ಟೆಯವರು. ಸಂಜೆ ಏಳರ ಮೇಲೆ, ಶಾಲೆಯ ಅಂಗಳದಲ್ಲಿ ಇಡಿ. ಹೆಂಗಸರು ಬರಬೇಕಾದರೆ ಅಡುಗೆ ಆದ ಮೇಲೆ, ಅಂದರೆ ಎಂಟು ಅಂತ ಇಟ್ಟುಕೊಂಡರೂ ಆದೀತು. ಓದುವವರು ಸಿಗದಿದ್ದರೆ ನನಗೆ ಹೇಳಿ ಕಳಿಸಿ. ಫೀಸು ಬೇಡ, ಬಸ್ಸಿನಲ್ಲಿ ಬರುತ್ತೇನೆ. 14ನೇ ಪುಟದಿಂದ ಶುರು ಮಾಡುತ್ತೇನೆ.

ಇಂತಿ,
ನಿಮ್ಮ ಮಾಜಿ ವಕೀಲೆ